ಏಳುಪೊರೆಗೆ ಯಾವ ಕಲ್ಲು

ಫೆಬ್ರುವರಿ 21, 2022, ಸೋಮವಾರ. ಹೊಂಗನೂರು

ಮದುವೆಯಾಗಿ ಹನ್ನೊಂದು ದಿನ. ಇಷ್ಟು ಖುಷಿ ಇರುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಬಿ.ಕಾಂ. ರಿಸಲ್ಟ್ ಬಂದ ಮರುದಿನವೇ ಅಪ್ಪನ ಕೈಗೆ ಪಂಚಾಂಗ ಕೊಡುತ್ತಿದ್ದೆ.

ನರ್ಸರಿಯಿಂದ ಡಿಗ್ರಿಯವರೆಗೆ ಇಂಗ್ಲಿಷಿನಲ್ಲೇ ಬರೆದವಳು ನಾನು. ಆದರೆ ಡೈರಿಯನ್ನು ಇಂಗ್ಲಿಷಿನಲ್ಲಿ ಶುರು ಮಾಡಿದರೆ ಯಾರೋ ಕೆಂಪು ಪೆನ್ನು ಹಿಡಿದು ಕೂತಿದ್ದಾರೆ ಅನ್ನಿಸಿ ವಾಕ್ಯಗಳೆಲ್ಲ ಇಸ್ತ್ರಿ ಹಾಕಿಕೊಂಡು ನಿಲ್ಲುತ್ತವೆ. ಕನ್ನಡದಲ್ಲಿ ಹಾಗಿಲ್ಲ, ನೈಟಿಯಲ್ಲೇ ಓಡಾಡಬಹುದು.

ಮನೆಯಲ್ಲಿ ನಾವು ನಾಲ್ಕು ಜನ. ಮಾವ ಗಂಗಯ್ಯನವರು, ಅತ್ತೆ ಪುಟ್ಟಗೌರಮ್ಮ, ಬೀರೇಶ, ನಾನು. ಬೀರೇಶ, ಬೀರೇಶ. ಬಾಯಲ್ಲಿ ಹೆಸರು ಹೇಳುವ ಹಾಗಿಲ್ಲ, ‘ರೀ’ ಅನ್ನಬೇಕು, ಅದಕ್ಕೇ ಇಲ್ಲಿ ಎಷ್ಟು ಸಲ ಬೇಕೋ ಅಷ್ಟು ಬರೆಯುತ್ತೇನೆ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಗ್ಗೆ ಐದಕ್ಕೆ ಕಂಪನಿ ಬಸ್ಸು ಹತ್ತಿದರೆ ಮಧ್ಯಾಹ್ನ ಮೂರೂವರೆಗೆ ವಾಪಸ್. ನಕ್ಕರೆ ಅವನ ಕಿವಿಗಳೂ ಅಲ್ಲಾಡುತ್ತವೆ. ಇದನ್ನು ತವರು ಮಾಗಡಿಯ ನನ್ನ ಎಲ್ಲ ಫ್ರೆಂಡ್ಸಿಗೂ ಮೆಸೇಜ್ ಮಾಡಿ ಆಗಿದೆ.

ಹೆಣ್ಣು ನೋಡಲು ಬಂದ ದಿನ ನನ್ನ ಕೈಯಲ್ಲಿ ಕಾಫಿ ತಟ್ಟೆ, ಟೇಬಲ್ಲಿನ ಮೇಲೆ ನನ್ನ ಫೋನು. ಫೋನಿನಲ್ಲಿ ನಾನು ಆಡುವ ಆಟದ ನೋಟಿಫಿಕೇಶನ್ ಬೆಳಗಿತು. ಅವನು ಅದನ್ನು ನೋಡಿ ಎಲ್ಲರ ಮುಂದೆಯೇ, ‘ಎಷ್ಟರಲ್ಲಿದ್ದೀರ?’ ಅಂದ. ‘ನಲವತ್ತಾರು’ ಅಂದೆ. ‘ನಾನು ನಲವತ್ತೊಂದು’ ಅಂತ ತಲೆ ತಗ್ಗಿಸಿದ. ನಾವು ಹೇಳಿದ್ದು ಆಟದ ಮಟ್ಟ. ನಮ್ಮ ದೊಡ್ಡಮ್ಮ ಅದನ್ನು ತೂಕ ಅಂದುಕೊಂಡು, ಗಂಡು ಅಷ್ಟು ಸಣಕಲಾ ಅಂತ ಅಮ್ಮನ ಕಿವಿಯಲ್ಲಿ ಕೇಳಿದರು.

ಅಲ್ಲಿಂದ ಎಂಟು ತಿಂಗಳು ಕಾದೆವು. ರೇಷ್ಮೆ ಗೂಡಿನ ರೇಟು ಯಾರೂ ಕಂಡಿಲ್ಲದ ಹಾಗೆ ಏರುತ್ತಿತ್ತು, ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಮೊದಲು ಹೊಸ ಹುಳಿನ ಮನೆ ಏಳಲಿ, ಆಮೇಲೆ ಸೊಸೆ ಬರಲಿ ಅಂದರಂತೆ ಮಾವ. ರೇಷ್ಮೆ ಹುಳುಗಳ ಆ ಮನೆಗೆ ಶೀಟು ಹೊದಿಸುವವರೆಗೆ ನಮ್ಮ ಸಂಸಾರ ಆಟದೊಳಗೇ ನಡೆಯಿತು. ಅಲ್ಲಿ ಎಲ್ಲದರ ಹೆಸರೂ ಇಂಗ್ಲಿಷ್. ನಾವಿಬ್ಬರೂ ಫೋನಿನಲ್ಲೇ ಮಾತಾಡಿ ಒಂದೊಂದಕ್ಕೂ ಕನ್ನಡ ಹೆಸರಿಟ್ಟೆವು, ಆಟಕ್ಕೆ ‘ಅಸುರಗಿರಿ’ ಅಂತ ಇಟ್ಟಿದ್ದೂ ನಾವೇ. ಪರದೆಯ ಮಾತುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅವನಿಗೆ ಕತ್ತಿ, ನನಗೆ ಬಿಲ್ಲು. ಆಯುಧಕ್ಕೆ ಒಂದು ಕಲ್ಲು ಕೂರಿಸಿದರೆ ಅದಕ್ಕೆ ಆ ಕಲ್ಲಿನ ಗುಣ ಬರುತ್ತದೆ. ಹಿಮತೋಳಗಳಿಗೆ ಬೆಂಕಿ ಕಲ್ಲು. ಮೂಳೆ ಸೈನಿಕರಿಗೆ ಬೆಂಕಿ ದಂಡ, ಸುಡಲು ಮೈಯಲ್ಲಿ ಏನೂ ಇಲ್ಲ, ಅವರಿಗೆ ಗುದ್ದುಕಲ್ಲು. ಜೌಗಿನ ಹಂದಿಗಳು ಸದಾ ಒದ್ದೆ, ಅವಕ್ಕೆ ಮಿಂಚು ಕಲ್ಲು. ದೆವ್ವಗಳಿಗೆ ಬೆಳ್ಳಿ. ಒಂದು ಆಯುಧಕ್ಕೆ ಒಂದೇ ಕಲ್ಲು, ಕಿತ್ತು ಬೇರೆ ಹಾಕಿದರೆ ಮೊದಲಿನದು ಪುಡಿ. ಆದ್ದರಿಂದ ಮುಂದೆ ಎಂಥ ಮೃಗ ಬರುತ್ತದೆ ಅಂತ ಮೊದಲೇ ಯೋಚಿಸಬೇಕು. ಯೋಚಿಸುವವಳು ನಾನು, ಹೊಡೆಯುವವನು ಅವನು. ಎಂಟು ತಿಂಗಳು ಸಿಕ್ಕ ಒಳ್ಳೆಯ ಕಲ್ಲನ್ನೆಲ್ಲ ಅವನ ಕತ್ತಿಗೇ ಕಳಿಸಿದೆ. ನನ್ನದು ಇನ್ನೂ ಬರಿ ಬಿಲ್ಲು. ಇರಲಿ, ಅವನು ಗೆದ್ದಾಗ ನಾನು ಈ ಕಡೆ ಮಂಚದ ಮೇಲೆ ಕುಣಿಯುತ್ತಿದ್ದೆನಲ್ಲ.

ಇನ್ನು ಮೇಲೆ ಪಕ್ಕದಲ್ಲೇ ಕೂತು ಆಡುತ್ತೇವೆ. ಅಯ್ಯೋ, ಎಷ್ಟು ಅದೃಷ್ಟ ನನ್ನದು.

ಫೆಬ್ರುವರಿ 27, ಭಾನುವಾರ

ಈ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಹಡಿ ಮೆಟ್ಟಿಲ ಮೇಲೆ ಮಾತ್ರ. ಅವನು ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನದರಲ್ಲಿ ಅವನ ಮೊಣಕಾಲಿಗೆ ಒರಗಿ. ಭಾನುವಾರ ನಾಲ್ಕಕ್ಕೆ ತಂಡದ ಬೇಟೆ. ನಮ್ಮಿಬ್ಬರ ಜೊತೆ ಇನ್ನಿಬ್ಬರಿದ್ದಾರೆ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವ ತಾಜ್ ಪಾಷಾ, ಮತ್ತು ಪಕ್ಕದ ಬೀದಿಯ ಚಲುವಯ್ಯ. ಚಲುವಯ್ಯ ಅಂದರೆ ಮುದುಕನಲ್ಲ, ತಾತನ ಹೆಸರು ಹೊತ್ತ ಇಪ್ಪತ್ತೇಳರ ಗಂಡು, ಬೀರೇಶನ ಚಿಕ್ಕಪ್ಪನ ಮಗ.

ಇಷ್ಟು ದಿನ ನಾನು ಅವರಿಬ್ಬರಿಗೂ ‘ಮಾಗಡಿಮಿಂಚು’ ಅನ್ನುವ ಹೆಸರು ಮಾತ್ರ, ಬೀರೇಶ ಆಟದಲ್ಲಿ ‘ಕಬ್ಬಾಳುಕಿಂಗ್’ ಆದ ಹಾಗೆ. ಬರೆದು ಕಳಿಸುತ್ತಿದ್ದೆ, ಅವರು ಕೇಳುತ್ತಿದ್ದರು. ಇವತ್ತು ಮೊದಲ ಸಲ ಮೈಕ್ ಹಾಕಿದೆ. ಎದುರಿಗೆ ಮೂಳೆ ಸೈನಿಕರು. ‘ಎಲ್ಲರೂ ಗುದ್ದುಕಲ್ಲು ಹಾಕ್ಕೊಳ್ಳಿ’ ಅಂದೆ.

‘ಯಾರ್ಲಾ ಅದು?’ ಅಂದ ಚಲುವಯ್ಯ.

‘ಮಾಗಡಿಮಿಂಚು’ ಅಂದ ಬೀರೇಶ.

‘ನಿನ್ ಎಡ್ತಿ ಧ್ವನಿ ಇದ್ದಂಗೈತೆ.’

‘ಅವ್ಳೇ ಕಣ್ಲಾ.’

‘ಥೂ. ಇಷ್ಟ್ ದಿವ್ಸ ನಾವೆಲ್ಲಾ ನಿನ್ ಎಡ್ತಿ ಯೋಳ್ದಂಗೆ ಕುಣೀತಿದ್ವಾ?’

ತಾಜ್ ಪಾಷಾ ನಕ್ಕರು. ‘ಸಲಾಂ ಭಾಬಿ. ಏನೋ ಬೀರ, ಮನೇಲೂ ಅವ್ರದೇ, ಆಟದಾಗೂ ಅವ್ರದೇನಾ ನಡೆಯೋದು?’

ನಾನೂ ನಕ್ಕೆ. ಬೀರೇಶನ ಮೊಣಕಾಲು ಮಾತ್ರ ಗಟ್ಟಿಯಾಯಿತು. ‘ಬೆಂಕಿ ಕಲ್ಲೇ ಸಾಕು, ನುಗ್ರೋ’ ಅಂದ. ಸೋತೆವು. ನೆಟ್ ನಿಧಾನ ಇತ್ತು ಅಂದ. ಪಾಪ, ನಿಧಾನ ಇದ್ದರೂ ಇರಬಹುದು. ನನ್ನ ಫೋನಿನಲ್ಲಿ ಸರಿಯಾಗಿತ್ತು.

ಮಾರ್ಚ್ 1, ಮಂಗಳವಾರ. ಶಿವರಾತ್ರಿ

ಬೈಕಿನಲ್ಲಿ ಕಬ್ಬಾಳಿಗೆ ಹೋಗಿ ಬಂದೆವು. ದೇವಸ್ಥಾನದ ಸಾಲು ಬೆಟ್ಟದ ಬುಡದವರೆಗೆ ಇತ್ತು. ಅವನು ಸಾಲಿನಲ್ಲಿ ನಿಂತ, ನಾನು ನೆರಳಿನಲ್ಲಿ ಕೂತೆ. ಅಲ್ಲಿ ನಾಲ್ಕು ಕಡ್ಡಿ ನೆಟ್‌ವರ್ಕ್, ಇಷ್ಟು ಸುಖ ಹೊಂಗನೂರಿನಲ್ಲಿ ಎಲ್ಲಿದೆ? ಸುಮ್ಮನೆ ಆಟ ತೆರೆದು ಗುಹೆಯೊಂದನ್ನು ಹೊಕ್ಕೆ, ಹುಳಿ ಕಲ್ಲು ಸಿಕ್ಕಿತು. ತುಂಬಾ ಅಪರೂಪ, ಆದರೆ ಯಾರಿಗೂ ಬೇಡದ್ದು. ಹುಳಿ, ಅಂದರೆ ಆ್ಯಸಿಡ್, ತಾಗಿದರೆ ಮೈ ಕರಗುತ್ತದಂತೆ, ಆದರೆ ಅಸುರಗಿರಿಯ ಮೃಗಗಳೆಲ್ಲ ದಪ್ಪ ಚರ್ಮದವು, ಯಾವುದಕ್ಕೂ ತಾಗುವುದಿಲ್ಲ.

‘ಕಸ, ಎಸೆದ್ಬುಡು’ ಅಂದ ಬೀರೇಶ ಪ್ರಸಾದ ಕೊಡುತ್ತಾ. ಎಸೆಯಲಿಲ್ಲ. ಬರುವಾಗ ಇಬ್ಬರೂ ಕಬ್ಬಿನ ಹಾಲು ಕುಡಿದೆವು, ಅವನ ಮೀಸೆಗೆ ನೊರೆ ಹತ್ತಿತ್ತು, ಹೇಳದೆ ಬಿಟ್ಟೆ.

ಮಾರ್ಚ್ 9, ಬುಧವಾರ

ಇವತ್ತು ಚಾಕಿ ಹುಳ ಬಂದವು. ಎರಡು ಸಲ ಪೊರೆ ಬಿಟ್ಟ ಮರಿಗಳು. ಮಾವ, ಅತ್ತೆ ಇಬ್ಬರೂ ಹುಳಿನ ಮನೆಯೊಳಗೆ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು ಅತ್ತೆ. ನನ್ನ ಹೆಸರಿನ ಮೊದಲರ್ಧ ಬೀರೇಶನಿಗೆ ‘ಶ್ರೀ’, ಉಳಿದರ್ಧ ಅತ್ತೆಗೆ ‘ರಂಗಿ’.

‘ಏನ್ ಒಡ್ಕೊಂಡಿದ್ದೀಯೆ ರಂಗಿ, ಗಮ್ ಅಂತೀಯ?’

‘ಬಾಡಿ ಸ್ಪ್ರೇ, ಅತ್ತೆ.’

‘ಅದು ತಾಗುದ್ರೆ ಹುಳ ಸತ್ತೋಯ್ತವೆ. ನಿನ್ ಗಂಡ್ನ ಹತ್ರ ಮಡೀಕೊ ಆ ವಾಸ್ನೆಯ, ಇಲ್ಲಿ ಬ್ಯಾಡ.’

ಸೆಂಟು, ಪೌಡರು, ಸೊಳ್ಳೆಬತ್ತಿ, ಊದುಬತ್ತಿ ಏನೂ ಆಗದಂತೆ. ಇಡೀ ಮಧ್ಯಾಹ್ನ ನಾನು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಅಡುಗೆಮನೆಗೆ. ಮೂರೂವರೆಗೆ ಬಂದ ಬೀರೇಶ ಊಟ ಮಾಡಿ ಸೊಪ್ಪು ಕುಯ್ಯಲು ತೋಟಕ್ಕೆ ಹೋದ. ಸೊಪ್ಪಿನ ಹೊರೆ ಹೊತ್ತು ಬರುವಾಗ ಹೊರೆಯೇ ನಡೆದುಕೊಂಡು ಬಂದ ಹಾಗಿತ್ತು. ಮುಖ ಕಾಣಲಿಲ್ಲ.

ಮಾರ್ಚ್ 13, ಭಾನುವಾರ

ಬೇಟೆಗೆ ಕೂತಾಗ ಅವನು ಇಯರ್‌ಫೋನ್ ಹಾಕಿಕೊಂಡ. ‘ನೀನು ಮೈಕ್ ಆಫ್ ಮಾಡ್ಕೊ ಶ್ರೀ, ಅವ್ರು ಆಡ್ಕೋತಾರೆ’ ಅಂದ. ಆಫ್ ಮಾಡಿದೆ. ಹಿಮತೋಳ ಬಂದವು, ಕತ್ತಿಯಲ್ಲಿ ಬೆಂಕಿ ಕಲ್ಲು ಇದ್ದೇ ಇತ್ತು, ಗೆದ್ದರು. ಗೆದ್ದೆವು ಅಂತ ಬರೆಯಬೇಕಿತ್ತು.

ಮದುವೆಗೆ ಮೊದಲು ಮಾಗಡಿಯಿಂದ ಹೊಂಗನೂರಿಗೆ ಕೇಳುತ್ತಿದ್ದ ನನ್ನ ಮಾತು ಈಗ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕೇಳುವುದಿಲ್ಲ. ಇರಲಿ. ಹೊಸತರಲ್ಲಿ ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ನಾನು ಏನನ್ನೂ ಹೇಳಿರಲೇ ಇಲ್ಲ.

ಮಾರ್ಚ್ 15, ಮಂಗಳವಾರ

ಸ್ಪ್ರೇ ಬಾಟಲಿಯನ್ನು ಸೂಟ್‌ಕೇಸಿಗೆ ಹಾಕಿ, ಸೀಗೆಕಾಯಿ ಹಚ್ಚಿ ತಲೆ ತೊಳೆದು, ಹಳೆಯ ನೈಟಿ ಹಾಕಿಕೊಂಡು ಹುಳಿನ ಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ನನ್ನ ಕತ್ತಿನ ಹತ್ತಿರ ಬಂದು ಮೂಸಿ ನೋಡಿ ಒಳಗೆ ಬಿಟ್ಟರು.

ಒಳಗೆ ಕಬ್ಬಿಣದ ಸ್ಟ್ಯಾಂಡುಗಳು, ಒಂದೊಂದರಲ್ಲಿ ಐದು ಅಂತಸ್ತು, ಎಲ್ಲ ಕಡೆ ಸೊಪ್ಪು, ಸೊಪ್ಪಿನೊಳಗೆಲ್ಲ ಹುಳ. ತಿನ್ನುವ ಸದ್ದು ಪರೀಕ್ಷೆ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಪ್ರಶ್ನೆಪತ್ರಿಕೆ ತಿರುವಿದ ಹಾಗೆ, ಆದರೆ ನಿಲ್ಲುವುದೇ ಇಲ್ಲ. ಮೊದಲ ಹುಳವನ್ನು ಅಂಗೈ ಮೇಲಿಟ್ಟುಕೊಂಡಾಗ ಕಿರುಚಬೇಕು ಅನ್ನಿಸಿತು, ಆಮೇಲೆ ಮುದ್ದು ಬಂತು, ಎಷ್ಟು ತಣ್ಣಗೆ, ಎಷ್ಟು ನಯ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಮಾಗಡಿಯಿಂದ ವಾಂತಿ ಮಾಡುವ ಇಮೋಜಿಗಳು ಬಂದವು. ದಡ್ಡರು.

ಮಾರ್ಚ್ 19, ಶನಿವಾರ

ನಿನ್ನೆಯಿಂದ ಹುಳಗಳು ತಿನ್ನುತ್ತಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿವೆ. ‘ನಾಲ್ಕನೇ ಜ್ವರ’ ಅಂದರು ಅತ್ತೆ. ಕಾಯಿಲೆಯಲ್ಲ, ಪೊರೆ ಬಿಡುವುದನ್ನೇ ಇಲ್ಲಿ ಜ್ವರ ಅನ್ನುತ್ತಾರೆ. ಮೇಲೆ ಸುಣ್ಣದ ಪುಡಿ ಉದುರಿಸಿ ಎಲ್ಲರೂ ಹೊರಗೆ ಬಂದೆವು. ಆ ಸದ್ದು ಇಲ್ಲದೆ ಮನೆ ಹೇಗೋ ಆಗಿದೆ, ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಸಂಜೆ ಒಬ್ಬಳೇ ಹೋಗಿ ನೋಡಿದೆ. ಬಾಗಿಲ ಪಕ್ಕದ ಸ್ಟ್ಯಾಂಡಿನ ಕೆಳಗಿನ ಅಂತಸ್ತಿನಲ್ಲಿ ಅಲ್ಲಲ್ಲಿ ಕೆಲವು ಎದ್ದು ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಎರಡು ತೆಕ್ಕೆ ಸೊಪ್ಪು ತಂದು ಆ ಅಂತಸ್ತಿಗೆ ಹರಡಿದೆ. ಎಷ್ಟು ಆಸೆಯಿಂದ ತಿಂದವು.

ಮಾರ್ಚ್ 20, ಭಾನುವಾರ

ಬೈಸಿಕೊಂಡೆ.

‘ಯಾರು ಸೊಪ್ಪು ಆಕ್ದೋರು ಇಲ್ಲಿಗೆ?’ ಅಂದರು ಅತ್ತೆ. ‘ನಾನು’ ಅಂದೆ. ಅವರು ಸೊಪ್ಪು ಎತ್ತಿ ತೋರಿಸಿದರು. ಅಡಿಯಲ್ಲಿ ಇನ್ನೂ ಜ್ವರದಲ್ಲೇ ಕೂತಿದ್ದ ಹುಳಗಳು ಒದ್ದೆ ಸೊಪ್ಪಿನ ಕೆಳಗೆ ಹೂತುಹೋಗಿದ್ದವು.

‘ಪಾಪ ಅನ್ನಿಸ್ತು ಅತ್ತೆ.’

‘ಮೊದ್ಲು ಎದ್ದೋರಿಗೆ ಬಡಿಸ್ಬುಟ್ರೆ ಇನ್ನೂ ಮನಗಿರೋರ ಗತಿ? ಪೊರೆ ಬಿಡೋ ಹೊತ್ನಾಗೆ ಅವ್ರ ತಂಟೆಗೆ ಓಗ್ಬಾರ್ದು ಕಣವ್ವ. ಎಲ್ಲಾ ಎದ್ಮೇಲೇ ಊಟ. ಎದ್ದ ಹುಳದ ಮೈ ಒಸಿ ಹೊತ್ತು ಹಸಿ ಇರ್ತದೆ, ಉಗುರು ತಾಗುದ್ರೂ ಗೀರು ಬೀಳ್ತದೆ. ಆಮ್ಯಾಕೆ ಗಟ್ಟಿ ಆಗೋದು.’ ಒದ್ದೆ ಸೊಪ್ಪನ್ನೆಲ್ಲ ಎತ್ತಿ ಆಚೆ ಹಾಕಿ, ‘ಈ ಅಂತಸ್ತು ಇನ್ ಮ್ಯಾಲೆ ನಿಂದು. ಹಿಂದೆ ಬಿದ್ದವ್ನ ನೀನೇ ಮುಂದಕ್ಕೆ ತಾ’ ಅಂದರು. ಇಷ್ಟು ಹೇಳಿ ಮಾವನಿಗೆ ಹೇಳದೆ ಮುಚ್ಚಿಟ್ಟರು. ಅದಕ್ಕೇ ಜಾಸ್ತಿ ಅಳು ಬಂತು.

ಸಂಜೆ ಬೇಟೆ. ಈ ಸೀಸನ್ನಿನ ಕೊನೆಯ ಮೃಗ, ಎರಡೇ ಭಾನುವಾರ ಬರುತ್ತದೆ. ಊರು ಸುತ್ತುವಷ್ಟು ಉದ್ದದ ಹಾವು, ಮೈಮೇಲೆ ಏಳು ಪೊರೆ. ಅದಕ್ಕೆ ‘ಏಳುಪೊರೆ’ ಅಂತ ನಾನೇ ಹೆಸರಿಟ್ಟೆ, ಯಾರಿಗೂ ಹೇಳಲಿಲ್ಲ. ಅದು ಒಮ್ಮೊಮ್ಮೆ ತಲೆ ಎತ್ತಿ ಅಲ್ಲಾಡದೆ ನಿಂತುಬಿಡುತ್ತದೆ. ನಿಂತಿದೆಯಲ್ಲ ಅಂತ ಮೂವರೂ ಆಗಲೇ ಮೈಮೇಲೆ ಬಿದ್ದು ಚಚ್ಚಿದರು. ಬೆಂಕಿಯಲ್ಲಿ ಹೊಡೆದರೆ ಮುಂದಿನ ಪೊರೆಗೆ ಬೆಂಕಿ ತಾಗಲಿಲ್ಲ. ಮಿಂಚಿನಲ್ಲಿ ಹೊಡೆದರೆ ಅದರ ಮುಂದಿನದಕ್ಕೆ ಮಿಂಚು ತಾಗಲಿಲ್ಲ. ಮೂರನೇ ಪೊರೆಗೆ ನಾಲ್ವರೂ ಸತ್ತೆವು.

‘ಯಾವ ಕಲ್ಲೂ ನಾಟಾಕಿಲ್ಲ ಕಣ್ಲಾ ಇದ್ಕೆ’ ಅಂದ ಚಲುವಯ್ಯ.

ಮಾರ್ಚ್ 22, ಮಂಗಳವಾರ

ಗೊತ್ತಾಯಿತು. ಗೊತ್ತಾಯಿತು, ಗೊತ್ತಾಯಿತು.

ನನ್ನ ಅಂತಸ್ತಿನಲ್ಲಿ ಹಿಂದೆ ಬಿದ್ದ ಒಂದು ಹುಳ ಇವತ್ತು ಬೆಳಗ್ಗೆ ನನ್ನ ಕಣ್ಣೆದುರೇ ಪೊರೆಯಿಂದ ಆಚೆ ಬಂತು. ಹಳೆಯ ಕಾಲುಚೀಲದಿಂದ ಪಾದ ಎಳೆದುಕೊಂಡ ಹಾಗೆ. ಸೊಪ್ಪಿನ ಕಡ್ಡಿ ತಾಗಿ ಅದರ ಹಸಿ ಮೈಯಲ್ಲಿ ಸಣ್ಣ ಗೀರು ಎದ್ದಿತು. ಅಲ್ಲೇ ನಿಂತು ಏಳುಪೊರೆಯನ್ನು ಕಂಡೆ. ಅದು ತಲೆ ಎತ್ತಿ ನಿಲ್ಲುವುದು ಜ್ವರಕ್ಕೆ ಕೂತಾಗ. ಆಗ ಮುಟ್ಟಬಾರದು, ಮುಟ್ಟಿದರೆ ಯಾವುದರಿಂದ ಮುಟ್ಟಿದೆವೋ ಅದನ್ನು ಹೊಸ ಪೊರೆ ಕಲಿತುಕೊಳ್ಳುತ್ತದೆ. ಪೊರೆ ಕಳಚಿದ ಮೇಲೆ ಹತ್ತು ಸೆಕೆಂಡು ಅದರ ಮೈ ಮಂಕಾಗಿ ಕಾಣುತ್ತದೆ. ಅದು ಹಸಿ ಮೈ. ದಪ್ಪ ಚರ್ಮಕ್ಕೆ ತಾಗದ ಹುಳಿ ಕಲ್ಲು ಹಸಿ ಮೈಗೆ ತಾಗದೆ ಇರುತ್ತದೆಯೇ? ಆಟದಲ್ಲಿ ಯಾರಿಗೂ ಬೇಡದ ಆ ಕಲ್ಲನ್ನು ಇಟ್ಟಿದ್ದೇ ಇದಕ್ಕೆ.

ಅತ್ತೆಯನ್ನು ತಬ್ಬಿಕೊಂಡೆ. ‘ಬುಡು, ಸೊಪ್ಪು ಬಿದ್ದೋಯ್ತದೆ’ ಅಂದರು.

ಮಾರ್ಚ್ 23, ಬುಧವಾರ

ಬೀರೇಶನಿಗೆ ಮೆಟ್ಟಿಲ ಮೇಲೆ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಕಿವಿಗಳು ಅಲ್ಲಾಡಿದವು. ಎಷ್ಟು ದಿನಕ್ಕೆ.

‘ಏನ್ ತಲೆ ಶ್ರೀ ನಿಂದು’ ಅಂದ. ‘ಆ ಹುಳಿ ಕಲ್ಲು ಇನ್ನೂ ಐತಾ?’

‘ಇದೆ.’

‘ಕಳ್ಸು. ಕತ್ತಿಗೆ ಆಕ್ಕೋತೀನಿ.’

ಕಲ್ಲನ್ನು ತೆರೆದೆ, ಅವನ ಹೆಸರನ್ನೂ ಒತ್ತಿದೆ. ‘ಕಳಿಸು’ ಅನ್ನುವಲ್ಲಿ ಬೆರಳು ನಿಂತಿತು. ನಾಳೆ ಕಳಿಸುತ್ತೇನೆ, ಈಗ ಚಾರ್ಜ್ ಇಲ್ಲ ಅಂದೆ. ಚಾರ್ಜ್ ಅರವತ್ತಿತ್ತು. ಯಾಕೆ ಹಾಗಂದೆನೋ.

ಮಾರ್ಚ್ 24, ಗುರುವಾರ

ಸಂಜೆ ಸೊಪ್ಪು ಹಾಕಿ ಬಂದು ಆಟ ತೆರೆದೆ. ತಂಡದ ಮಾತುಕತೆ ನಡೆಯುತ್ತಿತ್ತು. ನನ್ನ ಮೈಕ್ ಆಫ್. ನಾನು ಬಂದದ್ದು ಯಾರೂ ಗಮನಿಸಿರಲಿಲ್ಲ. ಬೀರೇಶ ತೋಟದಿಂದಲೇ ಮಾತಾಡುತ್ತಿದ್ದ.

‘ಅದು ಪೊರೆ ಬಿಟ್ಮೇಲೆ ಹತ್ ಸೆಕೆಂಡು ಮೈ ಹಸಿ ಇರ್ತದೆ ಕಣ್ರೋ. ಹುಳ ಮೇಯ್ಸೋ ಮನೇಲಿ ಹುಟ್ಟಿ ನಂಗೆ ತಿಳೀಬೇಕಿತ್ತು ಮೊದ್ಲೇ. ನೆನ್ನೆ ಒಳೀತು.’

‘ಶಭಾಶ್ ಬೀರ’ ಅಂದರು ತಾಜ್ ಪಾಷಾ.

‘ಎಡ್ತಿ ಯೋಳ್ಕೊಡ್ಲಿಲ್ವಾ?’ ಅಂದ ಚಲುವಯ್ಯ.

‘ಅವ್ಳಿಗೇನ್ಲಾ ಗೊತ್ತು ಹುಳದ್ ವಿಷ್ಯ, ಮೊನ್ನೆ ಬಂದೋಳ್ಗೆ.’

ಆಟ ಮುಚ್ಚಿದೆ.

ಮಾರ್ಚ್ 25, ಶುಕ್ರವಾರ

ಹುಳಿ ಕಲ್ಲನ್ನು ನನ್ನ ಬಿಲ್ಲಿಗೆ ಕೂರಿಸಿದೆ.

ಹುಳಗಳು ಈಗ ನನ್ನ ಬೆರಳಿನಷ್ಟು ದಪ್ಪ. ದಿನಕ್ಕೆ ನಾಲ್ಕು ಸಲ ಸೊಪ್ಪು. ನನ್ನ ಅಂತಸ್ತಿನವು ಸೋಮವಾರ ಹಣ್ಣಾಗುತ್ತವೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತವೆ ಅಂದರು ಅತ್ತೆ. ಬೇರೆಯವು ಭಾನುವಾರ.

ಮಾರ್ಚ್ 26, ಶನಿವಾರ

ಆಟದಲ್ಲಿ ಒಬ್ಬರ ಆಯುಧವನ್ನು ಇನ್ನೊಬ್ಬರು ನೋಡಬಹುದು. ನೋಡಿದ್ದಾನೆ.

‘ಬಿಲ್ಲಿಗೆ ಯಾಕ್ ಆಕ್ದೆ?’

‘ಹತ್ತು ಸೆಕೆಂಡು ಇರೋದು. ಕತ್ತಿ ಹಿಡ್ಕೊಂಡು ಓಡಿ ಹೋಗೋಷ್ಟರಲ್ಲಿ ಗಟ್ಟಿಯಾಗುತ್ತೆ. ಬಾಣ ದೂರದಿಂದ ತಲುಪುತ್ತೆ.’

‘ನಾನು ಹತ್ರಾನೇ ನಿಂತಿರ್ತಿದ್ದೆ.’

‘ಹತ್ತಿರ ನಿಂತರೆ ಬಾಲದಲ್ಲಿ ಹೊಡೆಯುತ್ತೆ ರೀ.’

‘ಅವ್ರಿಗೆಲ್ಲಾ ನಾನೇ ಒಡೀತೀನಿ ಅಂದ್ಬುಟ್ಟಿವ್ನಿ. ಈಗ ನನ್ ಮರ್ವಾದೆ?’

‘ಯಾರಿಗೆ ಹೊಳೆದದ್ದು ಅಂತ ಹೇಳಿದ್ರಿ ಅವರಿಗೆ?’

ಅವನು ನನ್ನನ್ನು ನೋಡಿದ. ಕೇಳಿಸಿಕೊಂಡಿದ್ದೇನೆ ಅಂತ ಗೊತ್ತಾಯಿತು. ಎದ್ದು ಮೆಟ್ಟಿಲಿಳಿದು ಹೋದ. ಊಟಕ್ಕೆ ಕೂತಾಗ ಉಪ್ಪನ್ನು ಅತ್ತೆಯ ಹತ್ತಿರ ಕೇಳಿದ, ಉಪ್ಪು ನನ್ನ ಮುಂದಿತ್ತು.

ಬಾಣದ ಲೆಕ್ಕಾಚಾರ ಸರಿಯಾಗಿಯೇ ಇದೆ, ನೂರು ಸಲ ಯೋಚಿಸಿದ್ದೇನೆ. ಆದರೆ ನಿಜ ಹೇಳಬೇಕೆಂದರೆ ಕತ್ತಿಯಲ್ಲೂ ಆಗುತ್ತಿತ್ತು. ಕಷ್ಟಪಟ್ಟರೆ ಆಗುತ್ತಿತ್ತು. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಮಾರ್ಚ್ 27, ಭಾನುವಾರ

ಬೆಳಗ್ಗೆಯಿಂದ ಹಣ್ಣು ಹುಳ. ಮೈ ಹಳದಿಗೆ ತಿರುಗಿ ಒಳಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತವೆ. ಅವನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತವೆ. ತಡವಾದರೆ ಸ್ಟ್ಯಾಂಡಿನಲ್ಲೇ ನೂಲು ಸುರಿದುಬಿಡುತ್ತವೆ. ಮಾವ, ಅತ್ತೆ, ಬೀರೇಶ, ನಾನು, ಇನ್ನು ಮೂವರು ಕೂಲಿ ಹೆಂಗಸರು. ಬೀರೇಶ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ.

ಮೂರೂಮುಕ್ಕಾಲಿಗೆ ಅತ್ತೆಯ ಹತ್ತಿರ ಹೋದೆ. ‘ಅರ್ಧ ಗಂಟೆ ಬೇಕಿತ್ತು ಅತ್ತೆ. ಆಟ ಇದೆ.’

‘ಹುಳ ಅಣ್ಣಾದ್ ದಿನ ಆಟ್ವಾ?’

‘ಒಂದು ಹಾವು. ಏಳು ಸಲ ಜ್ವರಕ್ಕೆ ಕೂರುತ್ತೆ. ನೀವು ಹೇಳಿಕೊಟ್ಟ ಹಾಗೆ ಕೊಲ್ಲಬೇಕು.’

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕೂಲಿ ಹೆಂಗಸರ ಕಡೆ ತಿರುಗಿ, ‘ನಾನು ಏಳು ಜ್ವರದ ಹುಳ ಮೇಯ್ಸಿಲ್ಲ ಕಣ್ರವ್ವ, ನಮ್ ಸೊಸೆ ಮೇಯ್ಸವ್ಳೆ’ ಅಂದರು. ಎಲ್ಲರೂ ನಕ್ಕರು. ‘ಓಗು. ಅರ್ಧ ಗಂಟೆ ಮೀರಿದ್ರೆ ನಾನೇ ಮೆಟ್ಲು ಅತ್ತಿ ಬತ್ತೀನಿ. ಅವುನ್ನೂ ಕರ್ಕೊಂಡೋಗು, ಮಕ ಊದಿಸ್ಕೊಂಡು ಹುಳ ಹಿಚುಕ್ತಾವ್ನೆ.’

ಬೀರೇಶ ಮೇಲಿನ ಮೆಟ್ಟಿಲಲ್ಲಿ ಕೂತ. ನಾನು ಕೆಳಗೆ, ಒರಗದೆ. ಮೈಕ್ ಹಾಕಿದೆ. ಏಳುಪೊರೆ ಬಂತು, ಸ್ವಲ್ಪ ಹೊತ್ತು ಕಾದಾಡಿ ತಲೆ ಎತ್ತಿ ನಿಂತಿತು.

‘ನಿಲ್ಲಿಸಿ. ಯಾರೂ ಮುಟ್ಟಬೇಡಿ’ ಅಂದೆ.

ತಾಜ್ ಪಾಷಾ ನಿಲ್ಲಿಸಿದರು. ಚಲುವಯ್ಯ, ‘ಬೀರಾ, ಏನ್ಲಾ ಮಾಡೋದು?’ ಅಂದ. ಬೀರೇಶ ಕತ್ತಿ ಎತ್ತಿ ಒಬ್ಬನೇ ನುಗ್ಗಿದ. ಬೆಂಕಿಯಲ್ಲಿ ಎರಡು ಏಟು ಹಾಕಿದ. ಹಾವಿನ ಬಾಲ ಒಂದು ಸಲ ಬೀಸಿತು, ಅಷ್ಟೇ. ಸತ್ತವರಿಗೆ ಆಟ ಮುಗಿಯುವವರೆಗೆ ಪರದೆ ಬೂದು ಬಣ್ಣ, ಏನೂ ಒತ್ತಲಾಗುವುದಿಲ್ಲ.

ಆಮೇಲೆ ತಾಜ್ ಪಾಷಾ ಮೆಲ್ಲಗೆ, ‘ಭಾಬಿ, ನೀವು ಹೇಳಿ’ ಅಂದರು.

ಹಳೆ ಪೊರೆ ಕಳಚಿತು, ಮೈ ಮಂಕಾಯಿತು. ಬಾಣ ಬಿಟ್ಟೆ. ನಾಟಿತು. ಹುಳಿ ಹೊಗೆಯೆದ್ದು ಹಾವು ಮುದುಡಿಕೊಂಡಿತು. ಎರಡನೆಯದು. ಮೂರನೆಯದು. ‘ನಾಟ್ತು ಕಣ್ಲಾ’ ಅಂತ ಚಲುವಯ್ಯ ಕೂಗುತ್ತಿದ್ದ. ಪ್ರತಿ ಸಲವೂ ಅದು ತಲೆ ಎತ್ತಿ ನಿಂತಾಗ ಹೊಡೆಯದೆ ಕಾಯುವುದಿದೆಯಲ್ಲ, ಅದಕ್ಕಿಂತ ಕಷ್ಟ ಯಾವುದೂ ಇಲ್ಲ.

ಐದನೆಯ ಪೊರೆಯ ಹೊತ್ತಿಗೆ ಪಕ್ಕದಲ್ಲಿ ಬಿಸಿ ಉಸಿರು. ಬೀರೇಶ ತನ್ನ ಬೂದು ಫೋನನ್ನು ಕೆಳಗಿಟ್ಟು, ನನ್ನ ಮೆಟ್ಟಿಲಿಗೇ ಇಳಿದು ಬಂದು ನನ್ನ ಪರದೆ ನೋಡುತ್ತಿದ್ದ.

‘ಈಗ?’ ಅಂದ.

‘ಇನ್ನೂ ಇಲ್ಲ.’

‘ಈಗ?’

‘ತಾಳಿ.’

‘ಶ್ರೀ, ಈಗ?’

‘ಈಗ’ ಅಂದೆ, ಬಿಟ್ಟೆ.

ಏಳನೆಯದಕ್ಕೆ ಬಿತ್ತು. ಪರದೆಯ ತುಂಬ ಚಿನ್ನದ ಪುಡಿ. ಚಲುವಯ್ಯ ಏನೇನೋ ಕೂಗಿದ, ಇಲ್ಲಿ ಬರೆಯುವಂಥದ್ದಲ್ಲ.

‘ಬೀರ, ಸತ್ರೂ ನಿನ್ ಐಡಿಯಾನೇ ಗೆದ್ದಿದ್ದು’ ಅಂದರು ತಾಜ್ ಪಾಷಾ.

ಬೀರೇಶ ನನ್ನ ಫೋನಿನ ಹತ್ತಿರ ಬಾಗಿದ. ‘ನಂದಲ್ಲ ಕಣ್ರೋ. ಇವ್ಳ್ದು. ಮೊದ್ಲಿಂದ್ಲೂ ಇವ್ಳ್ದೇ.’

ಆ ಮಾತಿಗೆ ನಾನು ಹಾರಿ ಕುಣಿಯಬೇಕಿತ್ತು. ಒಂದು ತಿಂಗಳ ಹಿಂದೆ ಆಗಿದ್ದರೆ ಅವನನ್ನು ಮೆಟ್ಟಿಲಿನಿಂದ ಕೆಳಗೆ ಉರುಳಿಸುತ್ತಿದ್ದೆ. ‘ಹೂಂ, ನಡೀರಿ, ಹುಳ ಆಯಬೇಕು’ ಅಂದೆ. ಇಪ್ಪತ್ತೆಂಟು ನಿಮಿಷವಾಗಿತ್ತು.

ಮಾರ್ಚ್ 28, ಸೋಮವಾರ

ಅತ್ತೆ ಹೇಳಿದ ಹಾಗೆಯೇ ನನ್ನ ಅಂತಸ್ತು ಇವತ್ತು ಹಣ್ಣಾಯಿತು. ಎಲ್ಲರಿಗಿಂತ ಒಂದು ದಿನ ಹಿಂದೆ. ಒಬ್ಬಳೇ ಆಯ್ದೆ. ಮೂರು ಹುಳ ಸತ್ತಿದ್ದವು, ಉಳಿದದ್ದೆಲ್ಲ ಚಂದ್ರಿಕೆ ಹತ್ತಿದವು. ಮುಂದಿನ ಬೆಳೆಗೆ ಮಾವ ಬಾಗಿಲ ಪಕ್ಕದ ಇಡೀ ಸ್ಟ್ಯಾಂಡು ನೋಡಿಕೊಳ್ಳುತ್ತೀಯಾ ಅಂದರು. ಗಾಳಿ ಸಾಲದು, ಆ ಕಡೆ ಇನ್ನೊಂದು ಕಿಟಕಿ ಬೇಕು ಅಂದೆ. ಅವರು ಅತ್ತೆಯ ಮುಖ ನೋಡಿದರು. ‘ನಾನೂ ಅದ್ನೇ ಅಂದಿದ್ದೆ, ನೀವ್ ಕೇಳಿದ್ರಾ?’ ಅಂದರು ಅತ್ತೆ.

ಬೀರೇಶ ಬಸ್ಸಿಳಿದು ನೇರ ಹುಳಿನ ಮನೆಗೇ ಬಂದ. ಕೈಕಾಲು ತೊಳೆದು ನನ್ನ ಎದುರು ನಿಂತು ಆಯತೊಡಗಿದ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ ಬಿದ್ದ ಕಥೆ ಹೇಳಿದ, ನಕ್ಕೆ. ಅದರ ಬಗ್ಗೆ ಅವನೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಅದು ಏನೆಂದರೆ, ಏಳುಪೊರೆಯ ಹೊಟ್ಟೆಯಿಂದ ಒಂದು ವಜ್ರದ ಕಲ್ಲು ಸಿಕ್ಕಿದೆ. ಕೊನೆಯ ಏಟು ಯಾರದ್ದೋ ಅವರಿಗೆ. ಯಾವ ಮೃಗಕ್ಕೂ ನಡೆಯುವ ಕಲ್ಲು. ನಿನ್ನೆ ಸಂಜೆ ಆರಕ್ಕೆ ಫೋನು ನೋಡಿದರೆ ಒಂದು ಮನವಿ ಬಂದಿತ್ತು. ಅವನು ಇಷ್ಟು ತಿಂಗಳಲ್ಲಿ ಆಟದೊಳಗೆ ನನಗೆ ಕಳಿಸಿದ ಮೊದಲ ಮನವಿ, ಯಾಕೆಂದರೆ ಕೇಳುವ ಸಂದರ್ಭವನ್ನೇ ನಾನು ಕೊಟ್ಟಿರಲಿಲ್ಲ. ‘ಕಬ್ಬಾಳುಕಿಂಗ್ ನಿಮ್ಮಿಂದ ವಜ್ರದ ಕಲ್ಲನ್ನು ಕೇಳುತ್ತಿದ್ದಾರೆ.’ ಉತ್ತರಿಸಲು ಇಪ್ಪತ್ತನಾಲ್ಕು ಗಂಟೆ.

ಈಗ ಐದೂವರೆ. ಕೆಳಗೆ ಬೀರೇಶ ಚಂದ್ರಿಕೆಗಳನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸುತ್ತಿದ್ದಾನೆ, ಒಂದೆರಡು ಸಲ ಮೆಟ್ಟಿಲ ಕಡೆ ನೋಡಿದ. ಫೋನು ತೊಡೆಯ ಮೇಲಿದೆ. ಪರದೆಯ ಮೇಲೆ ಎರಡು ಗುಂಡಿಗಳು, ಒಂದರ ಮೇಲೆ ‘ಕೊಡು’, ಇನ್ನೊಂದರ ಮೇಲೆ ‘ಬೇಡ’. ಎರಡೂ ಒಂದೇ ಅಳತೆಯವು, ಒಂದೇ ಬಣ್ಣದವು. ಇಷ್ಟು ದಿನ ಆಡಿದರೂ ಎರಡನೆಯದು ಇದೆ ಅಂತ ನಾನು ನೋಡಿಯೇ ಇರಲಿಲ್ಲ.